ಪಕ್ಷ ಬಿಟ್ಟ, ಪಟ್ಟು ಬಿಡಲಿಲ್ಲ

ಪಕ್ಷಾಂತರ ಅಂದ್ರೆ ನಂಗೆ ನೆನಪಾಗೋದು ರೆಸಾರ್ಟು, ಬಸ್ಸು! ಆದ್ರೆ ಅಮೆರಿಕದ ನೆಬ್ರಾಸ್ಕಾದಲ್ಲಿ ಶಾಸಕರಾಗಿದ್ದ ಮೈಕ್ ಮೆಕ್‌ಡಾನೆಲ್ ಕಥೆ ಬೇರೆ.

ಒಮಾಹಾ ಊರಿನ ಸಂಪ್ರದಾಯವಾದಿ ಡೆಮಾಕ್ರಾಟ್. ಗರ್ಭಪಾತ ನಿರ್ಬಂಧದಂಥ ಮಸೂದೆಗಳ ಪರ ನಿಂತಿದ್ದಕ್ಕೆ 2024ರ ಮಾರ್ಚಲ್ಲಿ ಪಕ್ಷ ಛೀಮಾರಿ ಹಾಕ್ತು. ಏಪ್ರಿಲಲ್ಲಿ ರಿಪಬ್ಲಿಕನ್ ಆದ್ರು. 49ರ ಸದನದಲ್ಲಿ ಹೊಸ ಪಕ್ಷದ ಬಲ 33. ವಿರೋಧಿಗಳು ಚರ್ಚೆ ಎಳೀತಾ ಕೂತರೆ ನಿಲ್ಲಿಸೋಕೆ ಬೇಕಾದ್ದೂ ಅಷ್ಟೇ.

ನೆಬ್ರಾಸ್ಕಾದ 5 ಎಲೆಕ್ಟೊರಲ್ ಓಟುಗಳಲ್ಲಿ ಒಂದು ಒಮಾಹಾ ಕ್ಷೇತ್ರದ್ದು. ಸೆಪ್ಟೆಂಬರಲ್ಲಿ ಟ್ರಂಪ್ ಕಡೆಯವರು, ಐದೂ ರಾಜ್ಯ ಗೆದ್ದವರಿಗೇ ಸಿಗೋ ಹಾಗೆ ಕಾನೂನು ಬದಲಿಸಿ ಅಂದ್ರು. ಚುನಾವಣೆ ಹತ್ತಿರ ಇರುವಾಗ ಆಗಲ್ಲ ಅಂದುಬಿಟ್ರು ಮೆಕ್‌ಡಾನೆಲ್! ಪ್ರಯತ್ನ ಅಲ್ಲಿಗೇ ನಿಂತಿತು. 2025ರಲ್ಲಿ ಮೇಯರ್ ಚುನಾವಣೆಗೆ ನಿಂತು ಮೊದಲ ಸುತ್ತಲ್ಲೇ ಸೋತರು.

ಗರ್ಭಪಾತದ ವಿಷಯದಲ್ಲಿ ನಾನವರ ಕಡೆ ಅಲ್ಲ. ಆದ್ರೂ, ಪಕ್ಷ ಬದಲಿಸಿದೋರನ್ನೆಲ್ಲ ಒಂದೇ ತಕ್ಕಡೀಲಿ ತೂಗಬಾರದು ಅನ್ನಿಸ್ತು... ನೀವೇನಂತೀರಾ?