ಇಂದಿಗೆ ನಾಲ್ಕೇ ಮಂತ್ರ

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಸೋದರಳಿಯ ಧಾರವಾಡದಿಂದ ಕೆಪೆಗೆ ಬಂದಿದ್ದ. ಬರುವಾಗ ಫೇಡೆಯ ಪೊಟ್ಟಣದ ಜೊತೆಗೆ ಒಂದು ಚೀಲ ವಿಚಿತ್ರ ದಾಳಗಳನ್ನೂ ತಂದಿದ್ದ. ಅವು ನಮ್ಮ ಪಗಡೆಯ ದಾಳಗಳಂತಲ್ಲ. ಇಪ್ಪತ್ತು ಮುಖದ್ದೂ ಒಂದಿತ್ತು! ನನ್ನ ಮಕ್ಕಳಿಬ್ಬರ ಜೊತೆಗೆ ನನ್ನನ್ನೂ ಪಡಸಾಲೆಯಲ್ಲಿ ಕೂಡಿಸಿ ಆಟ ಹೂಡಿದ. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವದು. ಒಬ್ಬನು ಕಥೆ ನಡೆಸುತ್ತಾನೆ. ಉಳಿದವರು ಅದರೊಳಗಿನ ಪಾತ್ರಗಳಾಗಿ ಮಾತಾಡುತ್ತಾರೆ. ಸೋಲೋ ಗೆಲುವೋ ಎಂಬಲ್ಲಿ ದಾಳ ಹಾಕುತ್ತಾರೆ. ಮಾಸ್ತರನಾದ ತಪ್ಪಿಗೆ ನನಗೆ ಮಂತ್ರವಾದಿಯ ಪಾತ್ರ ಬಂತು.

“ಮಾವಾ, ನಿಮ್ಮ ಪುಸ್ತಕದಾಗ ಆರು ಮಂತ್ರ ಅದಾವ. ಮುಂಜಾನೆ ಎದ್ದು ಅದರಾಗ ನಾಲ್ಕು ಆರಿಸಿ ತಯಾರ ಮಾಡ್ಕೋರಿ. ಆದರ ದಿನಕ್ಕ ಎರಡೇ ಸಲ ಪ್ರಯೋಗ. ಆಮ್ಯಾಲೆ ನಿದ್ದಿ ಆಗೂತನಕ ಏನೂ ಇಲ್ಲ” ಎಂದ.

ಹಳೆಯ ನಿಯಮ ಇನ್ನೂ ಕಠಿಣವಾಗಿತ್ತಂತೆ. ಹೊಸ ಮಂತ್ರವಾದಿಗೆ ದಿನಕ್ಕೆ ಒಂದೇ ಮಂತ್ರ; ಕಂಠಪಾಠ ಮಾಡಿದ್ದನ್ನು ಒಮ್ಮೆ ಉಚ್ಚರಿಸಿದೊಡನೆ ಅದು ನೆನಪಿನಿಂದಲೇ ಅಳಿಸಿಹೋಗುತ್ತಿತ್ತು. ಜ್ಯಾಕ್ ವಾನ್ಸ್ ಎಂಬ ಲೇಖಕನ ೧೯೫೦ರ ಕಥೆಗಳಿಂದ ಬಂದ ಕಲ್ಪನೆಯಿದು. ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆದು, ಉತ್ತರಪತ್ರಿಕೆ ಕೊಟ್ಟೊಡನೆ ಎಲ್ಲವನ್ನೂ ಮರೆಯುವ ನಮ್ಮ ಕೆಲವು ವಿದ್ಯಾರ್ಥಿಗಳು ಇದೇ ಪಂಥದವರಿರಬೇಕು! ನನ್ನ ಮಗಳಿಗೆ ಕರ್ಣನ ನೆನಪಾಯಿತು. ಇಂದ್ರನು ಕೊಟ್ಟ ಶಕ್ತ್ಯಾಯುಧವೂ ಒಂದೇ ಸಲದ್ದಲ್ಲವೇ? ಅರ್ಜುನನಿಗೆಂದು ಕಾದಿರಿಸಿದ್ದನ್ನು ರಾತ್ರಿಯ ಯುದ್ಧದಲ್ಲಿ ಘಟೋತ್ಕಚನ ಮೇಲೆ ಕಳೆದುಕೊಂಡ.

ನಾನು ಆರಿಸಿದ್ದು ಬೆಂಕಿ, ಗುಡುಗು, ಗುರಿ ತಪ್ಪದ ಬಾಣ, ನಿದ್ರೆ. ಬಿಟ್ಟದ್ದು ಎರಡು: ಬೀಳುವವರನ್ನು ಗರಿಯಂತೆ ಇಳಿಸುವ ಮಂತ್ರ, ಪರಭಾಷೆಯನ್ನು ತಿಳಿಯುವ ಮಂತ್ರ. ಭಾಷೆ ಕಲಿಸುವವನಿಗೆ ಅದೇಕೆ ಎಂದುಕೊಂಡೆ.

ಕಥೆಯಲ್ಲಿ ನಾವು ಒಂದು ಹೊಳೆಯ ದಂಡೆಗೆ ಬಂದೆವು. ಮುದುಕನೊಬ್ಬ ಕೋಲು ಬೀಸುತ್ತ, ತಿಳಿಯದ ಭಾಷೆಯಲ್ಲಿ ಕೂಗುತ್ತ ಓಡಿಬಂದ. ನಾನು ಹಿಂದುಮುಂದು ನೋಡದೆ ಬೆಂಕಿ ಪ್ರಯೋಗಿಸಿದೆ. ಅವನು ಓಡಿಹೋದ. ನಾವು ಗೆದ್ದವರಂತೆ ಸೇತುವೆ ಹತ್ತಿದೆವು, ಸೇತುವೆ ಮುರಿಯಿತು. “ಸೇತುವಿ ಗಟ್ಟಿ ಇಲ್ಲ, ಹೋಗಬ್ಯಾಡ್ರಿ ಅಂತ ಹೇಳಾಕ ಬಂದಿದ್ದ ಮಾವಾ ಅಂವ” ಎಂದ ಅಳಿಯ. ಆ ಭಾಷಾಮಂತ್ರವನ್ನು ತಯಾರಿಸಿಕೊಳ್ಳದಿದ್ದರೂ ಪುಸ್ತಕ ನೋಡಿಕೊಂಡು ಹೇಳಬಹುದಿತ್ತಂತೆ. ಆದರೆ ಅದಕ್ಕೆ ಹತ್ತು ನಿಮಿಷ ಹೆಚ್ಚು ಬೇಕು.

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ರಾತ್ರಿ ಮಾತ್ರ ನಿದ್ರೆ ಬರಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತಂದೆ ನಮ್ಮಲ್ಲಿಗೆ ಬಂದಿದ್ದಾಗ ಒಂದು ರಾತ್ರಿ ಅವರಿಗೆ ಉಸಿರು ಕಟ್ಟಿತು. ಆಸ್ಪತ್ರೆಯ ದಾರಿಯುದ್ದಕ್ಕೂ ವೈದ್ಯರಿಗೆ ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಏಳನೆಯವರೆಗೆ ಕನ್ನಡದಲ್ಲಿ, ಮುಂದೆ ಇಂಗ್ಲಿಷಿನಲ್ಲಿ ಕಲಿತವನು ನಾನು. ಎರಡು ಭಾಷೆ ಬಲ್ಲೆನೆಂಬ ಹಮ್ಮು ಇತ್ತು. ಬಾಗಿಲಲ್ಲಿ ದಾದಿ ಕೊಂಕಣಿಯಲ್ಲಿ ಕೇಳಿದಳು. ಹತ್ತು ವರ್ಷ ಕುಶಾವತಿಯ ನೀರು ಕುಡಿದಿದ್ದರೂ ನನಗೆ ಬರುತ್ತಿದ್ದದ್ದು ಮೀನು, ತರಕಾರಿಯ ಬೆಲೆ ಕೇಳುವಷ್ಟೇ ಕೊಂಕಣಿ. ಗಾಬರಿಯಲ್ಲಿ ಸಿದ್ಧಪಡಿಸಿದ್ದ ಇಂಗ್ಲಿಷೂ ಬಾಯಿಗೆ ಬರಲಿಲ್ಲ. ಬೆವರುತ್ತ ನಿಂತೆ. ಆಗ ಹಿಂದಿನಿಂದ ಒಂದು ದನಿ: “ಸರ, ದಮ್ಮು ಯಾವಾಗಿಂದ ಐತಿ ಅಂತ ಕೇಳಾಕತ್ತಾರ್ರಿ.”

ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಾಯಿ! ವಿಜಯಪುರದ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದವಳು. ಶಾಲೆಯ ಕಾಗದಗಳಿಗೆ ಹೆಬ್ಬೆಟ್ಟು ಒತ್ತುವಾಗ ನಾಚಿ ಸೆರಗು ಮುಂದೆಳೆದುಕೊಳ್ಳುತ್ತಿದ್ದವಳು. ನನ್ನ ಕನ್ನಡವನ್ನು ಕೊಂಕಣಿಗೆ, ದಾದಿಯ ಕೊಂಕಣಿಯನ್ನು ಕನ್ನಡಕ್ಕೆ ತಿರುಗಿಸುತ್ತ ಅರ್ಧ ಗಂಟೆ ನಮ್ಮ ಜೊತೆಗಿದ್ದಳು. ತಂದೆ ಆ ರಾತ್ರಿ ಉಳಿದುಕೊಂಡರು. ಮುಂದೆ ಎರಡು ವರ್ಷ ನಮ್ಮ ಜೊತೆಗಿದ್ದರು. ಆ ತಾಯಿಯನ್ನು ನಾನು ಅದೇ ವರ್ಷ ಪಾಲಕರ ಸಭೆಯಲ್ಲಿ, ಮಗಳಿಗೆ ಮನೆಯಲ್ಲಿ ಪಾಠ ಹೇಳಿಕೊಡುವುದಿಲ್ಲವೆಂದು ಗದರಿದ್ದೆ. ತಪ್ಪಾಯಿತೆಂದು ಹೇಳಬೇಕೆನ್ನುವಷ್ಟರಲ್ಲಿ ಅವರ ಕೆಲಸ ಬೇರೆ ಊರಿಗೆ ಬದಲಾಯಿತು.

ಮರುದಿನ ಬೆಳಿಗ್ಗೆ ಅಳಿಯ ಮತ್ತೆ ದಾಳ ಹರಡಿದ. “ಇವತ್ತ ಯಾವ ನಾಲ್ಕು, ಮಾವಾ?” ಎಂದ. ನಾನು ಬೆಂಕಿಯನ್ನು ಹೊಡೆದುಹಾಕಿ ಪರಭಾಷೆಯ ಮಂತ್ರವನ್ನು ಮೊದಲನೆಯದಾಗಿ ಬರೆದುಕೊಂಡೆ.

“ಇವತ್ತ ಡ್ರಾಗನ್ ಬರತೈತಿ, ನೋಡ್ರಿ ಮತ್ತ” ಎಂದು ಅವನು ನಕ್ಕ.

“ಬರಲಿ” ಎಂದೆ. “ಅದು ಏನು ಹೇಳತೈತೋ ಮೊದಲು ಕೇಳೋಣ.”