ಮಾತಿಲ್ದ ಬಾಯಿ

ಮಂಗಳೂರಿನ ನಮ್ಮ ಹಳೇ ಮನೆಯ ಬೇಲಿಯಾಚೆ ಮತಿಲ್ಡಾ ಬಾಯಿ ಇದ್ದರು. ಕ್ರೈಸ್ತ ಹೆಂಗಸರ ಹೆಸರಿಗೆ ‘ಬಾಯಿ’ ಸೇರಿಸುವುದು ನಮ್ಮ ಕಡೆಯ ಮರ್ಯಾದೆ. ಆದರೆ ಹಲ್ಲಿಲ್ಲದ ನನ್ನ ಅಜ್ಜಿಯ ನಾಲಗೆಯಲ್ಲಿ ಅದು ಹೊರಳಿ ‘ಮಾತಿಲ್ದ ಬಾಯಿ’ ಆಗುತ್ತಿತ್ತು. ಬೆಳಿಗ್ಗೆ ಕೋಳಿಗೂಡು ತೆರೆಯುವಾಗ ಹಿಡಿದ ಮಾತನ್ನು ಅವರು ಬಿಡುತ್ತಿದ್ದುದು ಸಂಜೆಯ ಜಪಮಾಲೆಯ ಹೊತ್ತಿಗೆ, ಅದೂ ಮುಂದಿನದನ್ನು ದೇವರ ಹತ್ತಿರ ಆಡಬೇಕಾಗಿದ್ದುದರಿಂದ.

ಹೆಸರಿನ ಮೂಲ ಕೆದಕುವುದು ನಿವೃತ್ತರ ವ್ಯಾಧಿ, ನನಗೂ ತಗಲಿದೆ. ಹಳೆಯ ಜರ್ಮನ್ನಿನ ‘ಮಹ್ತ್’ ಅಂದರೆ ಬಲ, ‘ಹಿಲ್ಟ್’ ಅಂದರೆ ಕಾಳಗ. ಸಮಾಸ ಮಾಡಿದರೆ ಸಾಕ್ಷಾತ್ ರಣಬಲಾ! ನಾವು ಕೋಮಲಾ, ಮೃದುಲಾ ಎಂದು ಹೆಸರಿಟ್ಟು ಕೈಗೆ ಒನಕೆ ಕೊಟ್ಟೆವು. ಆ ಜನ ತೊಟ್ಟಿಲಿಗೇ ಕತ್ತಿ ಕಟ್ಟಿದರು. ಗರ್ಟ್ರೂಡ್ ಎಂದರೆ ಈಟಿಯ ಬಲವಂತೆ. ನಮ್ಮೂರಿನ ಹಿಲ್ಡಾಗಳು ಬರೀ ಕಾಳಗ, ಬಲದ ಖಾತರಿಯಿಲ್ಲ.

1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಮ್ಮನ ಹೆಂಡತಿ ಮತಿಲ್ಡಾ. ಅವಳ ಮಗ ಹೆನ್ರಿ 1100ರಲ್ಲಿ ಕೈಹಿಡಿದ ಈಡಿತಳೂ ಮತಿಲ್ಡಾ ಆದಳು (ಮದುವೆಯಲ್ಲಿ ಹೆಸರು ಬದಲಿಸುವುದು ನಮ್ಮೊಬ್ಬರ ಸೊತ್ತಲ್ಲ). ಅವಳ ಮಗಳೂ ಮತಿಲ್ಡಾ. ಈ ಮಗಳು ಪಟ್ಟಕ್ಕಾಗಿ ದಾಯಾದಿ ಸ್ಟೀಫನ್ನನ ಮೇಲೆ ಬಿದ್ದಳು. 1141ರಲ್ಲಿ ಅವನು ಸೆರೆಯಾದಾಗ ಅವನ ಪರ ದಂಡು ಕೂಡಿಸಿದವಳು ಅವನ ಹೆಂಡತಿ, ಹೆಸರು ಬೇರೆ ಹೇಳಬೇಕೆ? ಮರುವರ್ಷ ಚಳಿಯಲ್ಲಿ ಆಕ್ಸ್‌ಫರ್ಡ್ ಕೋಟೆಗೆ ಮುತ್ತಿಗೆ ಬಿದ್ದಾಗ ಹೆನ್ರಿಯ ಮಗಳು ಮತಿಲ್ಡಾ ಹಿಮದಲ್ಲಿ ಗುರುತು ಹತ್ತದಂತೆ ಬಿಳಿ ಬಟ್ಟೆ ಹೊದ್ದು, ಹೆಪ್ಪುಗಟ್ಟಿದ ಹೊಳೆ ದಾಟಿ ಪರಾರಿ. ಇಷ್ಟೆಲ್ಲ ಶೌರ್ಯದ ಹೆಸರನ್ನು ಲ್ಯಾಟಿನ್ ಬಲ್ಲ ಗುಮಾಸ್ತರು ನೆಟ್ಟಗೆ ಬರೆದರೂ ಜನ ಸವೆಸಿ ‘ಮಾಡ್’ ಮಾಡಿದರು. ಆಸ್ಟ್ರೇಲಿಯಾದ ಅಲೆಮಾರಿ ಕೂಲಿಗಳಂತೂ ಬೆನ್ನ ಮೇಲಿನ ಹಾಸಿಗೆ ಗಂಟಿಗೇ ಮತಿಲ್ಡಾ ಎಂದರು. ಅಜ್ಜಿಯೊಬ್ಬಳೇ ಅಪರಾಧಿಯಲ್ಲ ಎಂದು ನನಗೆ ಸಮಾಧಾನವಾದದ್ದು ಇಲ್ಲೇ.

ಎಲ್ಲಿದ್ದೆ? ಹಾಂ, ಬೇಲಿಯಲ್ಲಿ. ಅಲ್ಲೊಂದು ಹಲಸಿನ ಮರವಿತ್ತು. ಬುಡ ನಮ್ಮದು, ಹಣ್ಣು ಬಿಡುವ ಕೊಂಬೆ ಅವರದು. ಒಂದು ಮಳೆಗಾಲ ಇದೇ ಮಹಾಸಮರವಾಗಿ, ರಣಬಲಾದೇವಿ ಮಾತು ಬಿಟ್ಟರು. “ಈಗ ಹೆಸರು ಸರಿಹೋಯ್ತು” ಎಂದು ಅಜ್ಜಿ ಗೆದ್ದ ಮುಖದಲ್ಲಿ ಎಲೆಯಡಿಕೆ ಜಗಿದಳು. ನಾಲ್ಕನೇ ದಿನ ಎರಡು ಸಲ ಬೇಲಿಯವರೆಗೆ ಹೋಗಿ ಬಂದಳು. ಆರನೇ ದಿನ, ತಾನೇ ಕೊಯ್ಯಿಸಿದ ಹಲಸಿನ ಅರ್ಧ ಕಡಿಯನ್ನು ನನ್ನ ತಲೆಯ ಮೇಲಿಟ್ಟು, “ಕೊಟ್ಟು ಓಡಿ ಬಾ” ಎಂದಳು.

ಹೊರಟಾಗ ಬೆಳಗಿನ ಹತ್ತು ಗಂಟೆ. ವಾಪಸು ಬರುವಾಗ ನಮ್ಮ ಜಗಲಿಯಲ್ಲಿ ದೀಪ ಹಚ್ಚಿದ್ದರು.