ಬೆಟ್ಟ ಹತ್ತೋಕೆ ಎಂಜಿನ್, ಮನೆ ಸೇರೋಕೆ ಬ್ರೇಕು

ತುಮಕೂರಿಂದ ಹೊರಟು ದೇವರಾಯನದುರ್ಗ, ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ನೋಡ್ಕೊಂಡು ಮತ್ತೆ ತುಮಕೂರಿಗೇ ಬರಬಹುದು. ಬೆಂಗಳೂರಿನವರಿಗೆ ಎರಡು ದಿನದ ಆರಾಮ ಸುತ್ತು. ವೀಕೆಂಡ್ ಅಂದ್ರೆ ಊಟಿ, ಕೊಡಗು ಅನ್ನೋರಿಗೆ ಈ ಬಂಡೆಗಳ ಸೀಮೆ ಅಷ್ಟಾಗಿ ನೆನಪಾಗಲ್ಲ. ಅಮ್ಮ, ಹೆಂಡತಿ, ಆರು ವರ್ಷದ ಮಗಳು, ಡಿಕ್ಕಿ ತುಂಬ ಬ್ಯಾಗು. ಇಷ್ಟು ಭಾರ ಹೊತ್ತು ನಾವೂ ಹೊರಟೆವು.

ದೇವರಾಯನದುರ್ಗದಲ್ಲಿ ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ. ತಿರುವುಗಳ ರಸ್ತೆಯಲ್ಲಿ ಇಳಿಯುವಾಗ ಎರಡನೇ ಗೇರ್ ಬಿಡಬೇಡಿ. ಬರೀ ಬ್ರೇಕ್ ಒತ್ತಿಕೊಂಡೇ ಇಳಿದರೆ ಡಿಸ್ಕ್, ಪ್ಯಾಡ್ ಎರಡೂ ಕಾದು ಹಿಡಿತ ಕಮ್ಮಿಯಾಗುತ್ತೆ. ಅಲ್ಲಿಂದ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿ ದರ್ಶನ ಮುಗಿಸಿ ಹೊರಟಾಗ, ಹಂಪ್ ಬಂದಾಗಲೆಲ್ಲ ಮುಂದಿನ ಚಕ್ರದಿಂದ ಕೀಂಯ್ ಅಂತ ಸದ್ದು ಶುರುವಾಯ್ತು. ಬೆಂಗಳೂರು ಬಿಡುವಾಗ ಈ ಸದ್ದು ಇರಲಿಲ್ಲ.

ಮಧುಗಿರಿಗೆ ಬಂದರೆ ಊರಿಗಿಂತ ಮೊದಲು ಕಾಣೋದು ಬೆಟ್ಟ. 3,930 ಅಡಿ ಎತ್ತರದ ಏಕಶಿಲಾ ಬೆಟ್ಟ, ಮೈಮೇಲೆ ಕೋಟೆ ಗೋಡೆ. ನಾವು ಮಾತ್ರ ಬೆಟ್ಟದ ಬದಲು ಗ್ಯಾರೇಜಿನ ಬೋರ್ಡ್ ಹುಡುಕುತ್ತಿದ್ದೆವು. ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿದ.

“ಪ್ಯಾಡು ಸವ್ದೋಗೈತೆ ಸಾರ್. ಇನ್ನೂ ಓಡಿಸಿದ್ರೆ ಕಬ್ಬಿಣ ಹೋಗಿ ಡಿಸ್ಕನ್ನೇ ಕೆರೀತೈತೆ.”

“ಒಂದು ಕಡೆ ತಾನೇ ಸದ್ದು ಬರ್ತಿರೋದು? ಅದೊಂದನ್ನೇ ಹಾಕಪ್ಪ,” ಅಂದರು ಅಮ್ಮ.

“ಹಂಗಾಗಲ್ಲಮ್ಮ. ಒಂದು ಕಡೆ ಹೊಸದು, ಒಂದು ಕಡೆ ಹಳೇದು ಅಂದ್ರೆ ಬ್ರೇಕ್ ಹಾಕ್ದಾಗ ಗಾಡಿ ಒಂದು ಕಡೆಗೆ ಎಳೀತೈತೆ.”

ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತೆ. ಹಾಗಾಗಿ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೇ. ಎಷ್ಟೋ ಕಾರುಗಳ ಪ್ಯಾಡ್‌ನಲ್ಲಿ ಒಂದು ಪುಟ್ಟ ಲೋಹದ ಪಟ್ಟಿ ಇರುತ್ತೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತೆ. ಅದು ಎಚ್ಚರಿಕೆ. ಗರಗರ ಸದ್ದು ಬಂದರೆ ಎಚ್ಚರಿಕೆಯ ಕಾಲ ಮುಗಿದಿದೆ ಅಂತಲೇ ಲೆಕ್ಕ.

ಕೆಲಸ ನೋಡೋಕೆ ಸುಲಭ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಬರೀ ಜಾಕನ್ನೇ ನಂಬದೆ ಕೆಳಗೆ ಸ್ಟ್ಯಾಂಡ್ ಇಟ್ಟ. ಕೆಳಗಿನ ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನು ಮೇಲಕ್ಕೆತ್ತಿದ. ಅದು ಬ್ರೇಕ್ ಹೋಸ್ ಮೇಲೆ ಜೋತು ಬೀಳದಂತೆ ತಂತಿಯಲ್ಲಿ ಕಟ್ಟಿದ. ಹಳೇ ಪ್ಯಾಡ್ ತೆಗೆದು, ಪಿಸ್ಟನ್ನನ್ನು ನಿಧಾನಕ್ಕೆ ಒಳಗೆ ಒತ್ತಿದ. ಆಗ ಬಾನೆಟ್ ಒಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತೆ, ಉಕ್ಕಿ ಚೆಲ್ಲಿದರೆ ಪೇಂಟ್ ಹಾಳು. ಸ್ಲೈಡ್ ಪಿನ್ನುಗಳಿಗೆ ಬ್ರೇಕ್ ಗ್ರೀಸ್ ಹಚ್ಚಿದ, ಪ್ಯಾಡ್ ಉಜ್ಜುವ ಮುಖಕ್ಕೆ ಮಾತ್ರ ಒಂದು ಹನಿಯೂ ತಾಗಬಾರದು.

ಎರಡೂ ಕಡೆ ಮುಗಿದ ಮೇಲೆ ನಾನು ಕೀ ತಿರುಗಿಸಲು ಹೋದೆ. ಆತ ಕೈ ಅಡ್ಡ ಹಿಡಿದ. “ಮೊದ್ಲು ಪೆಡಲ್ ಒತ್ತಿ ಸಾರ್, ಗಟ್ಟಿಯಾಗೋ ತನಕ.” ಮೊದಲ ಸಲ ಪೆಡಲ್ ಪೂರ್ತಿ ಕೆಳಗೆ ಹೋಯ್ತು! ಒಳಗೆ ಹೋದ ಪಿಸ್ಟನ್ ಮತ್ತೆ ಪ್ಯಾಡಿನ ಹತ್ತಿರ ಬರೋವರೆಗೆ ಬ್ರೇಕೇ ಇರಲ್ಲ. ನಾಲ್ಕೈದು ಸಲ ಒತ್ತಿದ ಮೇಲೆ ಗಟ್ಟಿಯಾಯ್ತು. ಮನೆಯಲ್ಲೇ ಪ್ಯಾಡ್ ಬದಲಾಯಿಸುವ ಉತ್ಸಾಹಿಗಳು ಇದೊಂದನ್ನು ಮರೆಯಲೇಬಾರದು.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಸ್ವಲ್ಪ ದೂರ ಮೆತ್ತಗೆ ಓಡಿಸಬೇಕು. ಅದಕ್ಕೆ ಪಾವಗಡದ ಖಾಲಿ ರಸ್ತೆಗಿಂತ ಒಳ್ಳೇ ಜಾಗ ಬೇಕೆ? ಹಿಂದೆ ಯಾರೂ ಇಲ್ಲದಾಗ ವೇಗ ಇಳಿಸೋದು, ಏರಿಸೋದು ಮಾಡುತ್ತಾ ಹೋದೆವು. ಪಾವಗಡದಲ್ಲಿ ಕನ್ನಡದ ಜೊತೆ ತೆಲುಗೂ ಕಿವಿಗೆ ಬೀಳುತ್ತೆ, ಸುತ್ತ ಆಂಧ್ರ ತಾನೆ. ಶನಿಮಹಾತ್ಮನಿಗೆ ಅಮ್ಮ ಎಳ್ಳೆಣ್ಣೆ ದೀಪ ಹಚ್ಚಿದರು. ತಿರುಮಣಿ ಕಡೆ ಸುಮಾರು 13,000 ಎಕರೆಯ ಸೋಲಾರ್ ಪಾರ್ಕ್, 2,050 ಮೆಗಾವ್ಯಾಟ್. ರೈತರು ಮಾರದೆ ಗುತ್ತಿಗೆಗೆ ಕೊಟ್ಟ ಜಮೀನು ಅದು. “ಕಪ್ಪು ಸಮುದ್ರ!” ಅಂದಳು ಮಗಳು.

ಶಿರಾದಲ್ಲಿ ಮಲಿಕ್ ರೆಹಾನ್ ದರ್ಗಾ ನೋಡಿ. ಟೈಮ್ ಇದ್ದರೆ ಕಗ್ಗಲಡುವಿಗೂ ಹೋಗಿ, ಅಲ್ಲಿ ಬಣ್ಣದ ಕೊಕ್ಕರೆಗಳು ಊರಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ.

ಶಿರಾದಿಂದ ಮುಂದೆ ಹೈವೇ. ಸಂಜೆ ಹೊತ್ತು, ಸರ್ವಿಸ್ ರೋಡಿನಿಂದ ಲೈಟ್ ಇಲ್ಲದ ಟ್ರ್ಯಾಕ್ಟರ್ ಒಂದು ಸೀದಾ ನಮ್ಮ ಮುಂದಕ್ಕೇ ನುಗ್ಗಿತು. ಬ್ರೇಕ್ ಒತ್ತಿದೆ. ಕಾರು ಅತ್ತಿತ್ತ ಎಳೆಯದೆ ನೇರವಾಗಿ ನಿಂತಿತು. ಟ್ರೇಲರ್ ನಮ್ಮ ಬಾನೆಟ್‌ನಿಂದ ಒಂದು ಮಾರು ದೂರ. ಹಿಂದಿನ ಸೀಟಿನಲ್ಲಿ ಮಗಳಿಗೆ ಎಚ್ಚರವೂ ಆಗಲಿಲ್ಲ. “ಆ ಹುಡುಗನ ಹೊಟ್ಟೆ ತಣ್ಣಗಿರಲಿ,” ಅಂದರು ಅಮ್ಮ.

ಈ ಸುತ್ತು ಹೊರಡುವ ಮುಂಚೆ ಎರಡು ನಿಮಿಷದ ಕೆಲಸ: ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮೊಬೈಲ್ ಟಾರ್ಚ್ ಹಾಕಿ, ಮುಂದಿನ ಚಕ್ರದ ಸಂದಿಯಲ್ಲಿ ಇಣುಕಿ. ಪ್ಯಾಡಿನ ಉಜ್ಜುವ ಪದರ ಮೂರು ಮಿಲಿಮೀಟರಿಗೆ ಇಳಿದಿದ್ದರೆ ಮೊದಲು ಗ್ಯಾರೇಜು, ಆಮೇಲೆ ಮಧುಗಿರಿ. ಬೆಟ್ಟ ಎಲ್ಲೂ ಹೋಗಲ್ಲ.